ತುಂಬಿಟ್ಟರೆ ಸವೆಯುವ ಬ್ಯಾಟರಿ

ಪುಣೆ ಜಿಲ್ಲೆಯ ಇಂದಾಪುರ ತಾಲ್ಲೂಕಿನ ಅಂಚಿನಲ್ಲಿ ಹರಿಯುವ ಭೀಮೆಯೇ ಮುಂದೆ ನಮ್ಮ ಅಫಜಲಪುರಕ್ಕೆ ಬರುವುದು. ಎರಡೂ ಕಡೆ ಕಬ್ಬು. ಆಳೆತ್ತರ ಮೀರಿದ ಕಬ್ಬಿನೊಳಗೆ ಬೆನ್ನಿಗೆ ಪಂಪು ಕಟ್ಟಿಕೊಂಡು ನುಗ್ಗುವುದು ಸುಲಭವಲ್ಲ. ಸಿಂಪಡಣೆಯ ಡ್ರೋನ್‌ಗೆ ಕೆಲಸ ಹುಟ್ಟುವುದೇ ಅಲ್ಲಿ. ಆ ಡ್ರೋನಿನ ಬ್ಯಾಟರಿಯನ್ನು ಬಹುಕಾಲ ಬಾಳಿಸುವ ಕ್ರಮ ಪಳಗಿದ್ದು ಮಾದರಿ ವಿಮಾನ ಹಾರಿಸುವ ಹವ್ಯಾಸಿಗಳ ಕೈಯಲ್ಲಿ.

1957ರ ಜೂನ್ 30ರಂದು ಇಂಗ್ಲೆಂಡಿನ ಕರ್ನಲ್ ಟ್ಯಾಪ್ಲಿನ್ ‘ರೇಡಿಯೋ ಕ್ವೀನ್’ ಎಂಬ ಮಾದರಿಯನ್ನು ವಿದ್ಯುತ್ ಮೋಟಾರಿನಿಂದ ಹಾರಿಸಿದರು. ಅದರಲ್ಲಿದ್ದದ್ದು ಬೆಳ್ಳಿ-ಸತುವಿನ ಬ್ಯಾಟರಿ. ಆಮೇಲೆ ದಶಕಗಟ್ಟಲೆ ನಿಕಲ್-ಕ್ಯಾಡ್ಮಿಯಂ ಕಾಲ. ಅದನ್ನು ಪೂರ್ತಿ ಬರಿದು ಮಾಡಿ ಪೂರ್ತಿ ತುಂಬುವುದು ಹವ್ಯಾಸಿಗಳಿಗೆ ರೂಢಿಯಾಯಿತು. 1991ರಲ್ಲಿ ಸೋನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. 2000ದ ನಂತರ ತೆಳು ಚೀಲದಂಥ ಲಿಥಿಯಂ ಪಾಲಿಮರ್ ಮಾದರಿ ವಿಮಾನ ಏರಿತು. ತೂಕ ಕಡಿಮೆ, ಕಸುವು ಹೆಚ್ಚು. ಹಳೆಯ ರೂಢಿ ಮಾತ್ರ ಇದಕ್ಕೆ ಹೊಂದಲಿಲ್ಲ.

ಪೂರ್ತಿ ತುಂಬಿದ ಲಿಥಿಯಂ ಕೋಶ 4.2 ವೋಲ್ಟ್ ತೋರಿಸುತ್ತದೆ. ಆ ಒತ್ತಡದಲ್ಲಿ ಅದು ಸುಮ್ಮನೆ ಬಿದ್ದಿದ್ದರೂ ಒಳಗಿನ ದ್ರಾವಣ ವಿಘಟಿಸುತ್ತಲೇ ಇರುತ್ತದೆ. ಅನಿಲ ಹುಟ್ಟಿ ಚೀಲ ಉಬ್ಬುತ್ತದೆ, ಆಂತರಿಕ ಪ್ರತಿರೋಧ ಏರುತ್ತದೆ. ಬಿಸಿ ಹೆಚ್ಚಿದಷ್ಟೂ ಈ ಸವೆತ ಚುರುಕು. ಏಪ್ರಿಲ್‌ನಲ್ಲಿ ತಗಡಿನ ಶೆಡ್ಡಿನೊಳಗೆ ತುಂಬಿಟ್ಟ ಬ್ಯಾಟರಿಯ ಗತಿ ಊಹಿಸಿಕೊಳ್ಳಿ. ಹಾರಾಟಕ್ಕಿಂತ ಹೀಗೆ ಬಿದ್ದಿರುವುದೇ ಎಷ್ಟೋ ಬ್ಯಾಟರಿಗಳ ಆಯುಸ್ಸು ತಿನ್ನುತ್ತದೆ ಎಂಬುದು ನನ್ನ ದೃಢ ನಂಬಿಕೆ. ಇತ್ತ 3 ವೋಲ್ಟಿನ ಕೆಳಗೆ ಎಳೆದರೂ ಕೋಶ ಕೆಡುತ್ತದೆ.

ಆದ್ದರಿಂದಲೇ ಹವ್ಯಾಸಿಗಳು ಬ್ಯಾಟರಿಯ ಶೇಕಡಾ 80ರಷ್ಟು ಬಳಸಿ ವಿಮಾನ ಇಳಿಸುವುದನ್ನು ಕಲಿತರು. ಹಾರಿಸದ ದಿನಗಳಲ್ಲಿ ಪ್ರತಿ ಕೋಶವನ್ನು ಸುಮಾರು 3.8 ವೋಲ್ಟಿನಲ್ಲಿ, ತಂಪಾದ ಕಡೆ ಇಡತೊಡಗಿದರು. ಬ್ಯಾಟರಿಯೊಳಗೆ ಸಾಲಾಗಿ ಜೋಡಿಸಿದ ಕೋಶಗಳಲ್ಲಿ ಒಂದು ತುಂಬುವಾಗ ಮುಂದೋಡಿದರೆ ಅದು ಮಿತಿ ಮೀರುತ್ತದೆ ಎಂದು ಗೊತ್ತಾಗಿ ಕೋಶಗಳನ್ನು ಸರಿತೂಗಿಸುವ ಬ್ಯಾಲೆನ್ಸ್ ಚಾರ್ಜರ್‌ಗಳೂ ಬಂದವು.

2023ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ‘ನಮೋ ಡ್ರೋನ್ ದೀದಿ’ ಯೋಜನೆ 15,000 ಮಹಿಳಾ ಸ್ವಸಹಾಯ ಗುಂಪುಗಳಿಗೆ ಡ್ರೋನ್ ಕೊಡುವ ಗುರಿ ಇಟ್ಟುಕೊಂಡಿತು. ಜೊತೆಗೆ ಹೆಚ್ಚುವರಿ ಬ್ಯಾಟರಿ, 15 ದಿನದ ತರಬೇತಿ. ಸಿಂಪಡಣೆ ಇರುವುದು ವರ್ಷದ ಕೆಲವೇ ವಾರ. ಉಳಿದ ತಿಂಗಳು ಬ್ಯಾಟರಿ ಕಪಾಟಿನಲ್ಲಿ. ತರಬೇತಿಗೆ ಹೋಗುವ ಹೆಣ್ಣುಮಕ್ಕಳು ಹಾರಿಸುವುದರ ಜೊತೆಗೆ, ಕೋಶಗಳನ್ನು ಆ 3.8 ವೋಲ್ಟಿಗೆ ತರುವ ಚಾರ್ಜರಿನ ‘ಸ್ಟೋರೇಜ್’ ಗುಂಡಿ ಎಲ್ಲಿದೆ, ಹಂಗಾಮು ಮುಗಿದ ಸಂಜೆ ಅದನ್ನು ಒತ್ತುವುದು ಹೇಗೆ ಎಂದೂ ಕೇಳಿ ಕಲಿಯಬೇಕು.