ಬಳ್ಳಾರಿಗೂ ‘ಟ್ರಿಣ್ ಟ್ರಿಣ್’ ಬರಬಹುದೇ?

ಪ್ರಶ್ನೆ: ಮೈಸೂರಿನ ಬಾಡಿಗೆ ಸೈಕಲ್ ವ್ಯವಸ್ಥೆ ನಮ್ಮ ಕೊಳಗಲ್ಲು, ಬಳ್ಳಾರಿ ಕಡೆ ನಡೆದೀತೇ?

ಉತ್ತರ: ಬಳ್ಳಾರಿಯೊಳಗೆ ಖಂಡಿತ ನಡೆದೀತು. ಮೈಸೂರಿನ ಈ ಸೈಕಲ್ ವ್ಯವಸ್ಥೆ ‘ಟ್ರಿಣ್ ಟ್ರಿಣ್’ 2017ರ ಜೂನ್‌ನಲ್ಲಿ 450 ಸೈಕಲ್‌ಗಳೊಂದಿಗೆ ಶುರುವಾಯಿತು. ಆಗ ಸೈಕಲ್ ನಿಲ್ದಾಣದಲ್ಲಿ ಕಾರ್ಡ್ ತೋರಿಸಿದರೆ ಬೀಗ ಬಿಚ್ಚುತ್ತಿತ್ತು. ಹೋದ ಕಡೆಯ ನಿಲ್ದಾಣದಲ್ಲಿ ಸೈಕಲ್ ಸಿಕ್ಕಿಸಿ ನಡೆದರಾಗಿತ್ತು. ಗಂಟೆ ಲೆಕ್ಕದ ಹಳೆಯ ಸೈಕಲ್ ಶಾಪ್‌ನಂತೆ ತಂದಲ್ಲಿಗೇ ಮರಳಿಸಬೇಕಿರಲಿಲ್ಲ. ಆದರೆ ಇಂಥ ವ್ಯವಸ್ಥೆಗೆ ನಿಲ್ದಾಣಗಳು ಹತ್ತಿರ ಹತ್ತಿರ ಇರಬೇಕು. ಬೆಳಿಗ್ಗೆ ಒಂದು ಕಡೆ ಖಾಲಿಯಾಗಿ ಇನ್ನೊಂದು ಕಡೆ ತುಂಬಿದರೆ, ಸೈಕಲ್‌ಗಳನ್ನು ಗಾಡಿಯಲ್ಲಿ ಹೇರಿ ಸರಿದೂಗಿಸಬೇಕು. ಖರ್ಚು ಬೀಳುವುದು ಇಲ್ಲೇ. ಕೊಳಗಲ್ಲಿನಿಂದ ಬಳ್ಳಾರಿವರೆಗೆ ಈ ಬಿಸಿಲಲ್ಲಿ ತುಳಿಯಿರಿ ಎನ್ನಲಾರೆ. ಊರಿಂದ ಬಸ್ಸಿಗೇ ಬನ್ನಿ. ಇಳಿದ ಮೇಲೆ ಕಾಲೇಜಿಗೆ, ಆಸ್ಪತ್ರೆಗೆ, ಮಾರ್ಕೆಟ್ಟಿಗೆ ಸೈಕಲ್ ಸಿಗಲಿ. ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್ನಿನಿಂದಲೇ ಪಾಲಿಕೆ ಇದನ್ನು ಆರಂಭಿಸಬೇಕು.