ಶರಣರ ಕಾಯಕವೂ ಗಳಿಕೆಯ ಎಲ್ಲೆಯೂ

ದೇವರನ್ನು ಅರಸುವವನು ಸಂತೆಯನ್ನು ತ್ಯಜಿಸಬೇಕೆಂಬ ಭಾವನೆಯು ಬಹುಕಾಲದಿಂದ ಬೇರೂರಿದೆ. 12ನೆಯ ಶತಮಾನದ ಕಲ್ಯಾಣದ ಶರಣರು ಇದನ್ನು ಒಪ್ಪಲಿಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರಿಗಳು. ನುಲಿಯ ಚಂದಯ್ಯನವರು ಹಗ್ಗ ಹೊಸೆದು ಮಾರುವವರು. ಅಂಬಿಗರ ಚೌಡಯ್ಯನವರು ದೋಣಿ ನಡೆಸುವವರು. ಅನುಭಾವವು ಇವರ ವೃತ್ತಿಯನ್ನು ಬಿಡಿಸಲಿಲ್ಲ; ಗಳಿಕೆಗೆ ಎಲ್ಲೆಯನ್ನು ಕಟ್ಟಿತು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತರಲು, ಪತ್ನಿ ಲಕ್ಕಮ್ಮನವರು ಅದನ್ನು ಇದ್ದೆಡೆಯಲ್ಲಿಯೇ ಸುರಿದು ಬರುವಂತೆ ಹೇಳಿದರೆಂದು ಪ್ರತೀತಿ. ದುಡಿದು ತಂದುದು ದಾಸೋಹಕ್ಕೆ ಸಲ್ಲಬೇಕು. ಕೂಡಿಡುವ ಆಸೆ ಭಕ್ತಿಗೆ ಕುಂದೆಂಬುದು ಅವರ ನಿಲುವು.

ಇಂದು ಕಾಯಕದ ಹೆಸರು ವೇದಿಕೆಗಳಲ್ಲೆಲ್ಲ ಮೊಳಗುತ್ತಿದೆ. ಆದರೆ ಅಂಗಡಿಯಲ್ಲಿ ತಕ್ಕಡಿಯನ್ನೂ ಕಚೇರಿಯಲ್ಲಿ ಲೇಖನಿಯನ್ನೂ ಹಿಡಿದವರು ಲಕ್ಕಮ್ಮನವರ ಅಕ್ಕಿಯನ್ನು ನೆನೆಯುವರೆ? ದುಡಿಮೆಯನ್ನು ಹೊಗಳಿ ಮಿತಿಯನ್ನು ಮರೆತರೆ, ಶರಣರ ಮಾತಿನಲ್ಲಿ ಅರ್ಧವನ್ನು ಮಾತ್ರ ಕೇಳಿದಂತಾಯಿತೆಂದು ನಾವು ಹೇಳಬೇಕಾಗಿದೆ.