ನೀರಿಗೊಂದು ದಾರಿ ಬಿಡಿ

ಬೆಂಗಳೂರಿನ ಇಂದಿರಾನಗರದ ಹೊಸ ಮನೆಗಳ ಕೆಂಪಿಟ್ಟಿಗೆಯ ಮುಂಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿ. ಅಲ್ಲಲ್ಲಿ ಟೊಳ್ಳು ಸದ್ದು ಕೇಳೀತು. ಬಹಳ ಕಡೆ ಅದು ಇಟ್ಟಿಗೆ ಗೋಡೆಯೇ ಅಲ್ಲ. ಬ್ಲಾಕಿನ ಗೋಡೆಗೆ ಅಂಟಿಸಿದ ತೆಳು ಬಿಲ್ಲೆ. ಮನೆಯ ಭಾರ ಹೊರುವುದು ಪಿಲ್ಲರು, ಬೀಮು. ಇಟ್ಟಿಗೆ ಇರುವುದು ಅಂದಕ್ಕೆ.

1809ರಲ್ಲಿ ಬ್ರಿಟಿಷರ ದಂಡು ಬೆಂಗಳೂರಿನಲ್ಲಿ ನೆಲೆಯೂರಿದ ಮೇಲೆ ಎದ್ದ ಬಂಗಲೆಗಳ ರೀತಿ ಬೇರೆ. ಸುಣ್ಣದ ಗಾರೆಯ ದಪ್ಪ ಗೋಡೆಯೇ ಚಾವಣಿ ಹೊರುತ್ತಿತ್ತು. ಮಳೆಗೆ ನೆನೆದರೂ ಬಿಸಿಲಿಗೆ ಆರುತ್ತಿತ್ತು. ಕಿಟಕಿಯ ಮೇಲಿನ ಮರದ ‘ಮಂಕಿ ಟಾಪ್’ ಬರೀ ಸಿಂಗಾರವಲ್ಲ, ಮಳೆನೀರನ್ನು ಗೋಡೆಯಿಂದಾಚೆ ಬೀಳಿಸುವ ಸೂರು.

ಅಮೆರಿಕದಲ್ಲಿ ಮರದ ಚೌಕಟ್ಟಿನ ಮನೆಗೂ ಹೊರಗೊಂದು ಸಾಲು ಇಟ್ಟಿಗೆ ಕಟ್ಟುತ್ತಾರೆ. ನೀರು ತಾಗಿದರೆ ಮರ ಕೊಳೆಯುತ್ತದೆ. ಹಾಗಾಗಿ ಎರಡರ ನಡುವೆ ಸುಮಾರು ಒಂದಿಂಚು ಖಾಲಿ ಜಾಗ, ಇಟ್ಟಿಗೆಯನ್ನು ಹಿಡಿದು ನಿಲ್ಲಿಸಲು ತುಕ್ಕು ಹಿಡಿಯದ ಲೋಹದ ಪಟ್ಟಿ, ಬುಡದಲ್ಲಿ ನೀರನ್ನು ಹೊರಕ್ಕೆ ತಿರುಗಿಸುವ ತಗಡು, ಅದರ ಮೇಲಿನ ಸಾಲಿನಲ್ಲಿ ಸಣ್ಣ ಕಿಂಡಿಗಳು. ಇಟ್ಟಿಗೆ ನೀರು ಕುಡಿಯುತ್ತದೆ ಎಂದು ಒಪ್ಪಿಕೊಂಡೇ ಮಾಡಿದ ಏರ್ಪಾಟು ಇದು.

ನಮ್ಮ ಅಂಟಿಸಿದ ಬಿಲ್ಲೆಯ ಹಿಂದೆ ಆ ಜಾಗವಿಲ್ಲ. ಸಂದಿನ ಬಿರುಕಿನಲ್ಲಿ ಇಳಿದ ನೀರು ಅಲ್ಲೇ ಕೂರುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಮಳೆ ನಿಂತು ಬಿಸಿಲು ಕಾದಾಗ ಮೈಮೇಲೆ ಬಿಳಿ ಉಪ್ಪು ಮೂಡುತ್ತದೆ. ಒಳಗೋಡೆಯ ಬಣ್ಣ ಉಬ್ಬುತ್ತದೆ. ಕಡೆಗೆ ಬಿಲ್ಲೆಯೇ ಕಳಚಿ ಬೀಳುತ್ತದೆ. ನಾವು ಇಟ್ಟಿಗೆಯನ್ನು ಬೈಯುತ್ತೇವೆ.

ಬಿಲ್ಲೆಯೇ ಬೇಕೆಂದರೆ ಮೊದಲು ಬ್ಲಾಕಿನ ಗೋಡೆಗೆ ನೀರು ತಡೆಯುವ ಲೇಪನವಾಗಲಿ. ಬೀಮು, ಬ್ಲಾಕು ಸೇರುವಲ್ಲಿ ಬಿರುಕು ಖಚಿತ. ಅಲ್ಲಿ ಗಾರೆಯೊಳಗೆ ಚಿಕನ್ ಮೆಶ್ ಇರಲಿ. ಬಿಲ್ಲೆಯ ಹಿಂದೆ ನಾಲ್ಕು ಮೂಲೆಗೆ ನಾಲ್ಕು ಉಂಡೆ ಗಾರೆ ಸಾಲದು, ಪೂರ್ತಿ ಬಳಿಯಬೇಕು. ಪ್ಯಾರಪೆಟ್ ತಲೆಗೆ ಹೊರಚಾಚಿದ ಕಲ್ಲು ಹಾಸಿ, ಚಾಚಿದ ಭಾಗದ ಅಡಿಯಲ್ಲಿ ಒಂದು ಗೀರು ಕೊರೆಸಿ. ನೀರು ಗೋಡೆಗೆ ಹರಿಯದೆ ಅಲ್ಲೇ ತೊಟ್ಟಿಕ್ಕುತ್ತದೆ.

ಸೈಟಿನಲ್ಲಿ ಜಾಗವಿದ್ದರೆ ಮಾಲೂರು ಕಡೆಯಿಂದ ಕೆ.ಆರ್. ಪುರ ದಾಟಿ ಬರುವ ಪೂರಾ ಇಟ್ಟಿಗೆಯನ್ನೇ ತರಿಸಿ. ಪಾಯದ ಮೇಲಿಂದ ಹೊರಸಾಲು ಎಬ್ಬಿಸಿ, ನಡುವೆ ಜಾಗ ಬಿಟ್ಟು, ಬುಡದಲ್ಲಿ ಕಿಂಡಿ ಇಡಿಸಿ.

ಮೇಸ್ತ್ರಿಯೊಡನೆ ಚದರಡಿಯ ದರ ಮಾತಾಡುವ ಮುನ್ನ ಒಂದು ಮಾತು ಕೇಳಿ: ‘ಒಳಗೆ ಹೋದ ನೀರು ಎಲ್ಲಿಂದ ಆಚೆ ಬರುತ್ತೆ?’ ಉತ್ತರ ಇಲ್ಲದಿದ್ದರೆ ಆ ಗೋಡೆಗೆ ಬರೀ ಬಣ್ಣ ಹೊಡೆಸುವುದೇ ಮೇಲು.